ಒಂಬತ್ತು ಕಾರು ಒಂದೇ ಕಡೆ ನಿಂತಿದ್ದವು: ಕಾರವಾರದ ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದ ಹಾಗೆ ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಲಾಗಿದೆ.

ಪತಿಗೆ 41 ವರ್ಷ, ಕಾರವಾರದಲ್ಲಿ ಸರಕಾರಿ ನೌಕರಿ. ಪತ್ನಿಗೆ 37, ಶಿಕ್ಷಕಿ, ತವರು ಸಿರಸಿ ಕಡೆ. ಐದನೇ ತರಗತಿಯ ಮಗ. ಕರೆದುಕೊಂಡು ಬಂದವರು ಪತ್ನಿ. ಪತಿಯ ಕಚೇರಿ ವಿಳಾಸಕ್ಕೆ ಜಪಾನಿನಿಂದ ಪಾರ್ಸೆಲ್ ಬರುತ್ತಿದೆ ಎಂಬುದು ಅವರಿಗೆ ಬೇರೆಯವರ ಬಾಯಿಂದ ತಿಳಿದಿತ್ತು. ಆಮೇಲೆ ಕ್ರೆಡಿಟ್ ಕಾರ್ಡಿನ ಬಿಲ್ ಸಿಕ್ಕಿತು: ಬಾಕಿ 1,80,000 ರೂಪಾಯಿ. ಹಳೆಯ ರೇಸ್ ಕಾರುಗಳ ಸ್ಕೇಲ್ ಮಾಡೆಲ್ ಕಿಟ್‌ಗಳು (ಬಿಡಿಭಾಗಗಳನ್ನು ಜೋಡಿಸಿ, ಬಣ್ಣ ಹಚ್ಚಿ ಕಟ್ಟುವ ಪುಟ್ಟ ಪ್ರತಿರೂಪಗಳು), ಅವಕ್ಕೆ ಬೇಕಾದ ಬಣ್ಣ, ಡೆಕಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಅಚ್ಚಿನ ಗುರುತುಗಳು), ತೆಳು ಲೋಹದ ಬಿಡಿಭಾಗಗಳು ಸೇರಿ ಬೆಳೆದ ಸಾಲ. “ಈ ವಯಸ್ಸಲ್ಲಿ ಆಟಿಕೆಗೆ ಸಾಲ ಮಾಡಿದ್ದಾರೆ, ಇವರಿಗೆ ಏನಾಗಿದೆ ನೀವೇ ಹೇಳಿ” ಎಂದರು. ಎಲ್ಲವನ್ನೂ ಗುಜರಿಗೆ ಹಾಕಿ ಎಂದು ಅವರ ತಂದೆ ಆಗಲೇ ಅಳಿಯನಿಗೆ ಹೇಳಿದ್ದರು.

ಮೊದಲು ನೋಡಬೇಕಾದದ್ದು, ಇದು ವಸ್ತುಗಳನ್ನು ಬಿಡಲಾರದೆ ಕೂಡಿಹಾಕುವ ಕಾಯಿಲೆಯೇ ಎಂದು. ಆ ಕಾಯಿಲೆಯಲ್ಲಿ ಬೆಲೆ ಇರಲಿ ಬಿಡಲಿ, ಯಾವುದನ್ನೂ ಕೈಬಿಡಲು ಆಗುವುದಿಲ್ಲ. ಅಡುಗೆಮನೆ, ಮಲಗುವ ಕೋಣೆ ಬಳಕೆಗೇ ಸಿಗದಷ್ಟು ತುಂಬಿಹೋಗುತ್ತವೆ. ಇವರಲ್ಲಿ 63 ಪೆಟ್ಟಿಗೆಗಳು ಎರಡು ಕಪಾಟಿನೊಳಗೆ ಇದ್ದವು. ಪ್ರತಿಯೊಂದರಲ್ಲೂ ಏನಿದೆ ಎಂದು ಅವರು ಬಾಯಿಪಾಠದಂತೆ ಹೇಳಬಲ್ಲರು, ಕೆಲವನ್ನು ಮಾರಬಹುದು ಎಂದೂ ತಾವಾಗಿ ಹೇಳಿದರು. ನಿದ್ರೆ, ಹಸಿವು, ಕುಡಿತ, ಮೊಬೈಲ್ ಸಾಲದ ಆ್ಯಪ್‌ಗಳು, ಬದುಕು ಬೇಡ ಎನ್ನುವ ಯೋಚನೆ, ಇವನ್ನೆಲ್ಲ ಇಬ್ಬರ ಬಳಿಯೂ ಬೇರೆ ಬೇರೆಯಾಗಿ ಕೇಳಲಾಯಿತು. ತಡರಾತ್ರಿಯವರೆಗೆ ಎಚ್ಚರ ಇರುವುದೊಂದನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲ.

ದಾರಿ ತೋರಿಸಿದ್ದು ಸರಳವಾದ ಇನ್ನೊಂದು ಪ್ರಶ್ನೆ: 63ರಲ್ಲಿ ಎಷ್ಟು ಮುಗಿದಿವೆ, ಎಷ್ಟು ನಿಂತಿವೆ, ನಿಂತದ್ದು ಎಲ್ಲಿ? ಮುಗಿದದ್ದು 6. ತೆರೆಯದೇ ಇದ್ದದ್ದು 48. ಅರ್ಧಕ್ಕೆ ನಿಂತದ್ದು 9, ಆ ಒಂಬತ್ತೂ ನಿಂತದ್ದು ಒಂದೇ ಕಡೆ. ಎಂಜಿನ್ ಜೋಡಿಸಿಯಾಗಿದೆ, ಸಸ್ಪೆನ್ಷನ್ ಆಗಿದೆ, ಚಕ್ರ ತಿರುಗುತ್ತದೆ. ಕಾರಿನ ಮೈಗೆ ಬಣ್ಣ ಮಾತ್ರ ಬಂದಿಲ್ಲ, ಅಥವಾ ಬಂದು ಕೆಟ್ಟಿದೆ. ಹವ್ಯಾಸದ ಖರ್ಚಿನ ಪ್ರಕರಣಗಳಲ್ಲಿ ನಾವು ಸಲಹೆಗಾರರು ಹಣದ ಲೆಕ್ಕ ಕೇಳುತ್ತೇವೆ, ಕೆಲಸದ ಲೆಕ್ಕ ಕೇಳುವುದಿಲ್ಲ. ಕೇಳಲೇಬೇಕು.

ಕೆಟ್ಟದ್ದು ಹೇಗೆ? 1967ರ ಫಾರ್ಮುಲಾ ಒನ್ ರೇಸ್ ಕಾರು ಲೋಟಸ್ 49ರ 1/20 ಅಳತೆಯ ಕಿಟ್‌ಗೆ ಅವರು ಜುಲೈ ತಿಂಗಳಲ್ಲಿ ಏರ್‌ಬ್ರಶ್‌ನಿಂದ (ಕಂಪ್ರೆಸರಿನ ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಹಸಿರು ಲ್ಯಾಕರ್, ಅಂದರೆ ಬೇಗ ಒಣಗುವ ದ್ರಾವಕದ ಬಣ್ಣ, ಹೊಡೆದಿದ್ದರು. ಲ್ಯಾಕರಿನ ದ್ರಾವಕ ಬೇಗ ಆವಿಯಾಗುವಾಗ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ; ಕರಾವಳಿಯ ಮಳೆಗಾಲದ ಗಾಳಿಯಲ್ಲಿರುವ ತೇವ ಆ ತಣ್ಣನೆಯ ಬಣ್ಣದ ಮೇಲೆ ಇಳಿದು ಒಳಗೇ ಸಿಕ್ಕಿಕೊಳ್ಳುತ್ತದೆ. ಗಾಢ ಹಸಿರು ಹಾಲು ಚೆಲ್ಲಿದಂತೆ ಬಿಳುಪಾಯಿತು. ಮುಚ್ಚಲೆಂದು ದಪ್ಪಗೆ ಇನ್ನೊಂದು ಪದರ ಹೊಡೆದರು. ಅದು ಇಳಿದು ಮೈಯ ಹೊದಿಕೆಗಳ ನಡುವಿನ ಗೆರೆಗಳನ್ನು ತುಂಬಿಬಿಟ್ಟಿತು. ಕಂಪ್ರೆಸರಿನ ನಳಿಕೆಯಲ್ಲಿ ನೀರು ಕಟ್ಟಿ ಹನಿ ಉಗುಳಿದ್ದು ಇನ್ನೊಂದು ಕಾರಿನ ಕಥೆ. ಆರು ಚಕ್ರದ ಟಿರೆಲ್ ಪಿ34ರ ಹಳೆಯ ಪೆಟ್ಟಿಗೆಯ ಡೆಕಲ್ ಹಾಳೆ ನೀರಿಗೆ ಹಾಕಿದೊಡನೆ ಚೂರುಚೂರಾಯಿತು. ಪ್ರತಿ ಸಲವೂ ಅವರಿಗೆ ಬಂದ ತೀರ್ಮಾನ ಒಂದೇ: ತನ್ನ ಕೈಯೇ ಸರಿಯಿಲ್ಲ.

ಮೂರು ವಾರ ಒಂದು ಪುಸ್ತಕದಲ್ಲಿ ಬರೆಯಲು ಹೇಳಲಾಯಿತು: ಕೊಳ್ಳಬೇಕೆನಿಸಿದ ಹೊತ್ತು, ಅದಕ್ಕೆ ಮುಂಚೆ ಮಾಡುತ್ತಿದ್ದ ಕೆಲಸ, ಮನಸ್ಸಿನ ಸ್ಥಿತಿ, ನೋಡಿದ ವಸ್ತು, ಬೆಲೆ. ಕಚೇರಿಯ ಒತ್ತಡ ಕಾರಣವಿರಬಹುದು ಎಂಬುದು ಪತ್ನಿಯ ಊಹೆಯಾಗಿತ್ತು. ಪುಸ್ತಕ ಬೇರೆಯೇ ಹೇಳಿತು. ಹೆಚ್ಚಿನ ಸಲ ಅವರು ರಾತ್ರಿ ಹತ್ತರ ಸುಮಾರಿಗೆ ಅರ್ಧ ಮುಗಿದ ಕಾರನ್ನು ಹೊರತೆಗೆದು, ಬಣ್ಣದ ಭಯಕ್ಕೆ ಮತ್ತೆ ಒಳಗಿಟ್ಟು, ಆಮೇಲೆ ಮೊಬೈಲ್ ಹಿಡಿದಿದ್ದರು. ಹೊಸ ಪೆಟ್ಟಿಗೆಯೊಳಗಿನ ಕಾರು ಇನ್ನೂ ಕೆಟ್ಟಿರುವುದಿಲ್ಲ. 1988ರ ಫಾರ್ಮುಲಾ ಒನ್‌ನ 16 ರೇಸುಗಳಲ್ಲಿ 15 ಗೆದ್ದ ಮೆಕ್‌ಲಾರೆನ್ ಎಂಪಿ4/4ರ ಪೆಟ್ಟಿಗೆ ಅವರಲ್ಲಿ ಮೂರಿದ್ದವು. ಏಕೆ ಮೂರು ಎಂದರೆ, “ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ” ಎಂದರು.

ಹೀಗಿರುವಾಗ ಕೊಳ್ಳುವುದನ್ನು ನಿಲ್ಲಿಸಿ ಎಂದಷ್ಟೇ ಹೇಳಿ ಕಳಿಸಿದರೆ, ನಿಂತ ಕೆಲಸ ನಿಂತೇ ಇರುತ್ತದೆ, ಪಾರ್ಸೆಲ್ ಇನ್ನೊಂದು ವಿಳಾಸಕ್ಕೆ ಬರುತ್ತದೆ. ಆದ್ದರಿಂದ ಸಲಹೆಯ ದೊಡ್ಡ ಪಾಲು ಬಣ್ಣದ ಬಗ್ಗೆಯೇ ಇತ್ತು. ಮಾಡೆಲ್ ಕಟ್ಟಿ ಪಳಗಿದವರ ಬಳಿ ವಿಚಾರಿಸಿ, ಪತಿಯ ಜೊತೆ ಕೂತು ಇದನ್ನು ಬರೆದುಕೊಳ್ಳಲಾಯಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಕರ್ ಮುಟ್ಟಬಾರದು. ಆ ತಿಂಗಳುಗಳಿಗೆ ಬೇರೆ ಕೆಲಸ ಸಾಕಷ್ಟಿದೆ: ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ ಅಂಚು ಉಜ್ಜುವುದು, ಲೋಟಸ್ 49ರಂಥ ಕಾರುಗಳ ಕಾಸ್ವರ್ತ್ ಡಿಎಫ್‌ವಿ ಎಂಜಿನ್ ಜೋಡಿಸಿ ಎಂಟು ಸಿಲಿಂಡರಿಗೂ ಸ್ಪಾರ್ಕ್ ಪ್ಲಗ್ಗಿನ ತಂತಿ ಎಳೆಯುವುದು, ಸೀಟು ಬೆಲ್ಟು, ಸಣ್ಣ ಭಾಗಗಳಿಗೆ ನೀರಿನ ಅಕ್ರಿಲಿಕ್ ಬಣ್ಣವನ್ನು ಕುಂಚದಿಂದ ಹಚ್ಚುವುದು. ಮೈಯ ಬಣ್ಣ ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರೊಳಗೆ, ಕೋಣೆಯ ತೇವಮಾಪಕ ಶೇ. 65ಕ್ಕಿಂತ ಕೆಳಗೆ ತೋರಿಸಿದಾಗ. ಇದನ್ನು ಕೇಳಿದ ಪತ್ನಿ, “ಅಂದ್ರೆ ನಮ್ಮ ಕಡೆ ಅಂಗಳದಲ್ಲಿ ಅಡಿಕೆ ಒಣಗಿಸೋ ದಿನಗಳು” ಎಂದರು. ಅಷ್ಟು ಹೊತ್ತಿನಲ್ಲಿ ಈ ಹವ್ಯಾಸದ ಬಗ್ಗೆ ಅವರು ಸಿಟ್ಟಿಲ್ಲದೆ ಆಡಿದ ಮೊದಲ ಮಾತು ಅದು.

ಮತ್ತೆ ಶುರುಮಾಡಲು ಆರಿಸಿದ್ದು ಅದೇ ಲೋಟಸ್ 49. 1967ರ ಜೂನ್ 4ರಂದು ನೆದರ್ಲೆಂಡ್ಸ್‌ನ ಝಾಂಡ್‌ವೂರ್ಟ್‌ನಲ್ಲಿ ಜಿಮ್ ಕ್ಲಾರ್ಕ್ ಓಡಿಸಿ, ಮೊದಲ ರೇಸಿನಲ್ಲೇ ಗೆಲ್ಲಿಸಿದ ಕಾರು. ಆರಿಸಲು ಕಾರಣ ಆ ಗೆಲುವಲ್ಲ. ಮೈಗೆ ಒಂದು ಹಸಿರು, ನಡುವೆ ಒಂದು ಹಳದಿ ಪಟ್ಟಿ, 5 ಎಂಬ ಅಂಕಿ, ಕೆಲವೇ ಡೆಕಲ್. ಲೋಟಸ್ ತಂಡದ ಕಾರುಗಳು ಸಿಗರೇಟು ಕಂಪನಿಯ ಬಣ್ಣ ತೊಟ್ಟದ್ದು 1968ರಲ್ಲಿ. ಆಮೇಲಿನ ಕಾರುಗಳ ಎಷ್ಟೋ ಕಿಟ್‌ಗಳಲ್ಲಿ ತಂಬಾಕಿನ ಹೆಸರುಗಳು ಬರುವುದೇ ಇಲ್ಲ, ಅವನ್ನು ಬೇರೆ ತಯಾರಕರಿಂದ ಹುಡುಕಿ ಕೊಳ್ಳಬೇಕು. ಹುಡುಕಾಟ ಶುರುವಾದರೆ ಖರ್ಚೂ ಶುರು.

ಬಿಳುಪಾದದ್ದು ಮೇಲ್ಪದರ ಮಾತ್ರವಾದರೆ 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ, ಒಣ ದಿನದಲ್ಲಿ ತೆಳುವಾಗಿ ಮತ್ತೆ ಹೊಡೆದರೆ ಸಾಕು. ಇಲ್ಲಿ ಗೆರೆಗಳೇ ತುಂಬಿದ್ದರಿಂದ ಬಣ್ಣ ಪೂರ್ತಿ ತೆಗೆಯಬೇಕಾಯಿತು: ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ನಿಧಾನ ಉಜ್ಜಿ, ಮತ್ತೆ ನೆನೆಸಿ. ಥಿನ್ನರಿನಲ್ಲಿ ನೆನೆಸಿದರೆ ಪಾಲಿಸ್ಟೈರೀನ್ ಮೈಯೇ ಕರಗುತ್ತದೆ. ಆಮೇಲೆ ಪಾತ್ರೆ ತೊಳೆಯುವ ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಮೇಲ್ಮೈಗೆ ಬೆರಳು ತಾಗಿಸದೆ, 1000 ನಂಬರಿನ ಸರ್ಫೇಸರ್ (ಬಣ್ಣಕ್ಕೆ ಮುಂಚೆ ಹೊಡೆಯುವ ತಳಪದರ) ಎರಡು ತೆಳು ಪದರ. ಹಳದಿ ಪಟ್ಟಿಯನ್ನು ಬಣ್ಣದಲ್ಲೇ ಮಾಡುವುದಾದರೆ ಹಳದಿಯೇ ಮೊದಲು, ಬಿಳಿ ತಳದ ಮೇಲೆ. ಪಟ್ಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಟೇಪಿನ ಅಂಚಿಗೆ ಇನ್ನೊಮ್ಮೆ ಹಳದಿಯನ್ನೇ ಹಾಯಿಸಿ, ಆಮೇಲೆ ಹಸಿರು. ಅಂಚಿನಡಿ ಏನಾದರೂ ನುಸುಳಿದರೆ ಅದು ಹಳದಿಯೇ ಆಗಿರುತ್ತದೆ.

ಏರ್‌ಬ್ರಶ್ಶಿನ 0.3 ಮಿ.ಮೀ. ಬಾಯಿಗೆ ಒಂದು ಪಾಲು ಬಣ್ಣ, ಎರಡು ಪಾಲು ಲೆವೆಲಿಂಗ್ ಥಿನ್ನರ್. ಅದರಲ್ಲಿ ಒಣಗುವುದನ್ನು ನಿಧಾನಿಸುವ ಅಂಶ ಇರುವುದರಿಂದ ಬಿಳುಪಾಗುವ ಸಾಧ್ಯತೆ ಕಡಿಮೆ. ಒತ್ತಡ 15ರಿಂದ 20 ಪಿಎಸ್‌ಐ, ದೂರ 8-10 ಸೆಂ.ಮೀ. ಮೊದಲ ಪದರ ಮಂಜಿನಷ್ಟು, ಹತ್ತು-ಹದಿನೈದು ನಿಮಿಷ ಬಿಟ್ಟು ಎರಡು ತೆಳು ಪದರ, ಕೊನೆಯದು ಒದ್ದೆಯಾಗಿ ಹೊಳೆಯುವಷ್ಟು. ನೀರು ಹಿಡಿಯುವ ಮಾಯಿಶ್ಚರ್ ಟ್ರ್ಯಾಪ್ ಕಂಪ್ರೆಸರಿಗೆ ಅಂಟಿಕೊಂಡೇ ಇದ್ದರೆ ಸಾಲದು. ಬಿಸಿ ಗಾಳಿ ನಳಿಕೆಯಲ್ಲಿ ಹೋಗುತ್ತಾ ತಣಿದ ಮೇಲೆ ನೀರಾಗುವುದರಿಂದ, ನಳಿಕೆಯ ಏರ್‌ಬ್ರಶ್ ಕಡೆಯ ತುದಿಗೆ ಇನ್ನೊಂದು ಬೇಕು. ಕಾರಿಗೆ ಹೊಡೆಯುವ ಮೊದಲು ಪ್ರತಿ ಸಲವೂ ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಹೊಡೆದು, ಅರ್ಧ ಗಂಟೆ ಕಾದು ನೋಡಬೇಕು. ಚಮಚ ಬಿಳುಪಾದರೆ ಆ ದಿನ ಬಣ್ಣದ ಕೆಲಸ ಇಲ್ಲ. ಈ ಒಂದು ಪದ್ಧತಿ ಅವರ ಭಯವನ್ನು ಇಳಿಸಿದಷ್ಟು ನಮ್ಮ ಯಾವ ಮಾತೂ ಇಳಿಸಲಿಲ್ಲ. ತಪ್ಪು ಕೈಯದೋ ಹವೆಯದೋ ಎಂಬುದು ಚಮಚದ ಮೇಲೆ ಕಣ್ಣಿಗೆ ಕಾಣುತ್ತದೆ.

ಹಳೆಯ ಡೆಕಲ್ ಹಾಳೆಯಲ್ಲಿ ಬೇಡದ ಒಂದು ತುಂಡನ್ನು ಮೊದಲು ನೀರಿಗೆ ಹಾಕಿ ನೋಡಬೇಕು. ಒಡೆದರೆ ಹಾಳೆಗೆ ಡೆಕಲ್ ಫಿಲ್ಮ್ ದ್ರವ ಬಳಿದು ಒಣಗಿಸಿ, ಪ್ರತಿ ಗುರುತನ್ನೂ ಅಂಚಿಗೆ ಸರಿಯಾಗಿ ಬೇರೆ ಬೇರೆ ಕತ್ತರಿಸಿ ಬಳಸಬೇಕು. ಡೆಕಲ್ ಯಾವಾಗಲೂ ಹೊಳಪು ಮೇಲ್ಮೈಯ ಮೇಲೇ. ಒರಟು ಬಣ್ಣದ ಮೇಲೆ ಹಚ್ಚಿದರೆ ಅಡಿಯಲ್ಲಿ ಗಾಳಿ ಉಳಿದು ಬೆಳ್ಳಿಯಂತೆ ಮಿನುಗುತ್ತದೆ. ಡೆಕಲಿನ ಅಂಟು ಕರಾವಳಿಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ತೆರೆಯದ ಪೆಟ್ಟಿಗೆಗಳಿಂದಲೂ ಹಾಳೆಗಳನ್ನು ತೆಗೆದು, ಸಿಲಿಕಾ ಜೆಲ್ ಜೊತೆ ಜಿಪ್ ಚೀಲದಲ್ಲಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಲು ಹೇಳಲಾಯಿತು. ಟಯರುಗಳನ್ನೂ ಬೇರೆ ಪಾಲಿಥೀನ್ ಚೀಲಕ್ಕೆ ಹಾಕಬೇಕು. ಮೆದು ವಿನೈಲಿನಿಂದ ಒಸರುವ ಎಣ್ಣೆಯಂಥ ವಸ್ತು ವರ್ಷಗಳಲ್ಲಿ ತನಗೆ ತಾಗಿದ ಪ್ಲಾಸ್ಟಿಕ್ ಭಾಗವನ್ನು ಕರಗಿಸುತ್ತದೆ. ಹೀಗೆ ತೆರೆದಾಗ ಎರಡು ಪೆಟ್ಟಿಗೆಗಳ ರಿಮ್ಮುಗಳು ಆಗಲೇ ಹಾಳಾಗಿದ್ದವು. ಸುಮ್ಮನೆ ಇಟ್ಟರೆ ಪೆಟ್ಟಿಗೆ ಭದ್ರ ಎಂಬ ಅವರ ನಂಬಿಕೆ ಅಲ್ಲಿ ಸ್ವಲ್ಪ ಅಲುಗಿತು.

ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಇರಲಿಲ್ಲ. ಅವರು ರಾತ್ರಿ ಕಿಟಕಿ ಮುಚ್ಚಿ, ಮಗ ಮಲಗುವ ಕೋಣೆಯಲ್ಲೇ ಲ್ಯಾಕರ್ ಹೊಡೆಯುತ್ತಿದ್ದರು. ಆ ಆವಿ ತಲೆನೋವು ತರುತ್ತದೆ, ಬೆಂಕಿ ಹಿಡಿಯುತ್ತದೆ. ಬಟ್ಟೆಯ ಮಾಸ್ಕಿನಿಂದ ಏನೂ ಪ್ರಯೋಜನವಿಲ್ಲ. ದ್ರಾವಕದ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಬೇಕು, ತೆರೆದ ಜಾಗ ಬೇಕು, ಹತ್ತಿರ ಒಲೆ-ದೀಪ ಇರಬಾರದು. ಎರಡು ಡಬ್ಬಿ ಬೆರೆಸಿ ಹೊಡೆಯುವ ಯುರೆಥೇನ್ ಕ್ಲಿಯರ್‌ನಲ್ಲಿ (ಬಣ್ಣದ ಮೇಲಿನ ಪಾರದರ್ಶಕ ಹೊಳಪು ಪದರ) ಐಸೊಸಯನೇಟ್ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೆಡುಕು. ಮನೆಯೊಳಗೆ ಅದು ಬೇಡವೇ ಬೇಡ ಎಂದು ಖಡಾಖಂಡಿತವಾಗಿ ಹೇಳಲಾಯಿತು. ಮಗನಿಗೆ ಬೇಕಾದರೆ ನೀರಿನ ಬಣ್ಣ, ಕುಂಚ, ಒಂದು ಅಗ್ಗದ ಕಿಟ್.

ಹಣದ ವಿಚಾರ ಬೇಗ ಮುಗಿಯಿತು. ತಿಂಗಳಿಗೆ ಶೇ. 3.5ರ ಬಡ್ಡಿಯಲ್ಲಿ 1,80,000ಕ್ಕೆ 6,300 ರೂಪಾಯಿ ಬರೀ ಬಡ್ಡಿಗೇ ಹೋಗುತ್ತಿತ್ತು. ಕಟ್ಟುವುದು, ಮಾರುವುದು, ಆಮೇಲೆ ನೋಡುವುದು ಎಂದು ಪೆಟ್ಟಿಗೆಗಳನ್ನು ಗಂಡ-ಹೆಂಡತಿ ಕೂಡಿಯೇ ವಿಂಗಡಿಸಿದರು. ಎಂಪಿ4/4ರ ಎರಡು ಪೆಟ್ಟಿಗೆ ಸೇರಿ 17 ಮಾರಿದಾಗ 52,000 ಬಂತು. ಉಳಿದ ಬಾಕಿಯನ್ನು ನೌಕರರ ಪತ್ತಿನ ಸಹಕಾರಿ ಸಂಘದ ಕಡಿಮೆ ಬಡ್ಡಿಯ ಸಾಲಕ್ಕೆ ಬದಲಿಸಿದರು. ಮುಂದಿನ ಖರ್ಚು ತಿಂಗಳಿಗೆ 2,000. ಥಿನ್ನರ್, ಟೇಪು, ಡೆಕಲ್ ಎಲ್ಲ ಅದರೊಳಗೇ. ಒಂದು ಕಾರು ಮುಗಿಯದೆ ಹೊಸ ಕಿಟ್ ಇಲ್ಲ, ಬೇಕೆನಿಸಿದ್ದನ್ನು ಬರೆದಿಟ್ಟು 30 ದಿನ ಕಾಯುವುದು, ಮೊಬೈಲಿನಿಂದ ಕಾರ್ಡಿನ ವಿವರ ಅಳಿಸುವುದು, ಪಾರ್ಸೆಲ್ ಮನೆಗೇ ಬರುವುದು. ಈಗ ಬಿಟ್ಟರೆ ಮತ್ತೆ ಸಿಗದು ಎಂಬ ಆತಂಕ ಪೂರ್ತಿ ಸುಳ್ಳಲ್ಲ. ಸಣ್ಣ ತಯಾರಕರ ರೆಸಿನ್ ಮತ್ತು ಬಿಳಿಲೋಹದ ಕಿಟ್‌ಗಳು ಮುಗಿದರೆ ಮುಗಿದವೇ. ಆದರೆ ಜಪಾನಿನ ದೊಡ್ಡ ತಯಾರಕ ತಮಿಯಾದಂಥವರು ಹಳೆಯ ಅಚ್ಚುಗಳಿಂದ ಆಗಾಗ ಮತ್ತೆ ಕಿಟ್ ತರುತ್ತಾರೆ, ಪತಿಯ ಪಟ್ಟಿಯಲ್ಲಿದ್ದ ಬಹುಪಾಲು ಕಾರುಗಳು ಆ ಬಗೆಯವು.

ಪತ್ನಿಯ ಜೊತೆ ಪ್ರತ್ಯೇಕವಾಗಿ ಮಾತಾಡಿದಾಗ, ನೋಯಿಸಿದ್ದು ಹಣಕ್ಕಿಂತ ಮುಚ್ಚಿಟ್ಟದ್ದು ಎಂದರು. ಪ್ರತಿ ತಿಂಗಳ 5ರಂದು ಕಾರ್ಡಿನ ಲೆಕ್ಕವನ್ನು ಅವರಿಗೆ ತೋರಿಸಬೇಕೆಂದು ಒಪ್ಪಂದವಾಯಿತು. ನೆಂಟರೆದುರು ‘ಆಟಿಕೆ’ ಎಂದು ಹಂಗಿಸುವುದನ್ನು ಅವರು ಬಿಡಬೇಕೆಂದೂ ಆಯಿತು. ಗುಜರಿಯ ಮಾತನ್ನು ಕೈಬಿಡಲು ತಂದೆಗೆ ಅವರೇ ತಿಳಿಸಿದರು. ಒಪ್ಪಿಗೆಯಿಲ್ಲದೆ ಎಸೆದರೆ ಕೊಳ್ಳುವುದು ನಿಲ್ಲುವುದಿಲ್ಲ, ಬಚ್ಚಿಡುವ ಜಾಗ ಬದಲಾಗುತ್ತದೆ.

ಜನವರಿಯಲ್ಲಿ ಲೋಟಸ್ 49 ಮುಗಿಯಿತು, ಮಾರ್ಚ್ ಒಳಗೆ ಇನ್ನೆರಡು. ಮುಂದಿನ ಮಳೆಗಾಲದಲ್ಲಿ ಒಮ್ಮೆ ಮಿತಿ ಮೀರಿ 4,600 ರೂಪಾಯಿಯ ಲೋಹದ ಭಾಗಗಳನ್ನು ತರಿಸಿದರು, ಅದನ್ನು 5ನೇ ತಾರೀಕು ತಾವೇ ತೋರಿಸಿದರು. ಅದಕ್ಕೆ ಎರಡು ತಿಂಗಳ ಖರ್ಚಿನ ಪಾಲು ವಜಾ ಆಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದು ಭೇಟಿ, ಉಳಿದ ತಿಂಗಳುಗಳಲ್ಲಿ ಬೇಕೆನಿಸಿದರೆ ಮಾತ್ರ, ಎಂದು ಈಗ ಗೊತ್ತುಮಾಡಲಾಗಿದೆ. ನಿದ್ರೆ ಪೂರ್ತಿ ಕೆಟ್ಟರೆ, ಸಾಲದ ಆ್ಯಪ್ ಮುಟ್ಟಿದರೆ, ಅಥವಾ ಕಟ್ಟುವ ಆಸೆಯೇ ಹೋಗಿ ಕೊಳ್ಳುವುದು ಮಾತ್ರ ಉಳಿದರೆ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬೇಕು. ಎರಡನ್ನೂ ಇಬ್ಬರ ಮೊಬೈಲಿನಲ್ಲೂ ಬರೆಸಿ ಕಳಿಸಲಾಗಿದೆ.