ಬೇಳೆ ಬೇಯದಿದ್ದರೆ ನೀರನ್ನೇ ಬೈಯಬೇಕಾ?

ಪ್ರಶ್ನೆ: ಕಲಬುರಗಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ನಮ್ಮ ಮನೆಯ ತೊಗರಿ ಬೇಳೆಯನ್ನು ಬೋರ್ ನೀರಲ್ಲಿ, ಅತ್ತೆ ಮನೆಯ ಬೇಳೆಯನ್ನು ಫಿಲ್ಟರ್ ನೀರಲ್ಲಿ ಕುಕ್ಕರಿಗೆ ಇಟ್ಟೆ. ಅತ್ತೆ ಮನೆಯದು ಮೂರೇ ಸೀಟಿಗೆ ಬೆಂದಿತು. ಗಡಸು ನೀರೇ ಕಾರಣ ಎಂದು ಬರೆಯಬಹುದೇ?

ಉತ್ತರ: ಬರೆಯಬೇಡಿ. ಹೊಸ ತೊಗರಿ ಬರುವ ಹೊತ್ತಿಗೆ ಪ್ರತಿ ವರ್ಷ ನನಗೆ ಇದೇ ಪ್ರಶ್ನೆ, ಇದೇ ತಪ್ಪು. ನೀವು ನೀರನ್ನೂ ಬದಲಿಸಿದ್ದೀರಿ, ಬೇಳೆಯನ್ನೂ ಬದಲಿಸಿದ್ದೀರಿ. ಇನ್ನು ಯಾವುದರಿಂದ ಬೆಂದಿತು ಅಂತ ಹೇಗೆ ಹೇಳುತ್ತೀರಿ?

ಬೇಳೆಯ ಜೀವಕೋಶಗಳನ್ನು ಪೆಕ್ಟಿನ್ ಅಂಟಿನ ಹಾಗೆ ಹಿಡಿದಿರುತ್ತದೆ. ಕುದಿಯುವಾಗ ಅದು ಕರಗಿದರೆ ಬೇಳೆ ಮೆತ್ತಗಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಆ ಅಂಟನ್ನು ಬಿಗಿ ಮಾಡುತ್ತವೆ. ಅಷ್ಟರ ಮಟ್ಟಿಗೆ ನಿಮ್ಮ ಊಹೆ ಸರಿ. ಆದರೆ ಸೆಕೆ, ತೇವದಲ್ಲಿ ತಿಂಗಳುಗಟ್ಟಲೆ ಇಟ್ಟ ಹಳೆ ಬೇಳೆಯಲ್ಲೂ ಇದೇ ನಡೆಯುತ್ತದೆ. ಒಳಗಿನ ಫೈಟೇಟ್, ಅಂದರೆ ಕಾಳು ರಂಜಕ ಕೂಡಿಟ್ಟುಕೊಳ್ಳುವ ವಸ್ತು, ಒಡೆದು, ಅದು ಹಿಡಿದಿಟ್ಟಿದ್ದ ಕ್ಯಾಲ್ಸಿಯಂ ಬಿಡುಗಡೆಯಾಗಿ ಪೆಕ್ಟಿನ್‌ಗೆ ಅಂಟಿಕೊಳ್ಳುತ್ತದೆ. ಅತ್ತೆ ಮನೆಯದು ಹೊಸ ಬೇಳೆ ಇದ್ದಿರಬಹುದು, ಅಲ್ವಾ? ಮೇಲಾಗಿ ಕ್ಯಾಂಡಲ್ ಫಿಲ್ಟರ್ ಆಗಿದ್ದರೆ ಅದು ಗಡಸುತನ ತೆಗೆಯುವುದೇ ಇಲ್ಲ. ಆರ್‌ಓ ಆದರೆ ತೆಗೆಯುತ್ತದೆ.

ಹೀಗೆ ಮಾಡಿ. ಒಂದೇ ಚೀಲದ ಬೇಳೆ, ಪ್ರತಿ ಪಾತ್ರೆಗೆ 50 ಗ್ರಾಂ, ನೀರು 300 ಮಿ.ಲೀ. ಒಂದರಲ್ಲಿ ಲ್ಯಾಬಿನ ಡಿಸ್ಟಿಲ್ಡ್ ನೀರು, ಇನ್ನೊಂದರಲ್ಲಿ ಬೋರ್ ನೀರು. ಮೂರನೆಯದರಲ್ಲಿ ಡಿಸ್ಟಿಲ್ಡ್ ನೀರಿಗೇ ಅಳೆದು ಸೇರಿಸಿದ ಕ್ಯಾಲ್ಸಿಯಂ ಕ್ಲೋರೈಡ್. ಈ ಮೂರನೆಯದನ್ನು ಎಲ್ಲರೂ ಬಿಡುತ್ತಾರೆ, ನನಗೆ ಸಿಟ್ಟು ಬರುವುದೇ ಅಲ್ಲಿ. ಇದೂ ತಡವಾಗಿ ಬೆಂದರೆ ಮಾತ್ರ ಕ್ಯಾಲ್ಸಿಯಂ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

ಸೀಟಿ ಎಣಿಸಬೇಡಿ, ಸೀಟಿ ಅಳತೆಯಲ್ಲ. ಒಂದೇ ತರಹದ ಪಾತ್ರೆ, ಒಂದೇ ಉರಿ. ಐದು ನಿಮಿಷಕ್ಕೊಮ್ಮೆ ಹತ್ತು ಬೇಳೆ ತೆಗೆದು ಬೆರಳಲ್ಲಿ ಹಿಸುಕಿ. ಒಂಬತ್ತು ನುರಿದರೆ ಬೆಂದಿದೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಹಿಸುಕುವವರಿಗೆ ಯಾವ ನೀರು ಎಂದು ಗೊತ್ತಿರಬಾರದು. ಪಾತ್ರೆಗೆ 417, 283 ಅಂತ ಅಂಕಿ ಹಾಕಿ. 1, 2 ಅಂತ ಹಾಕಿದರೆ ಒಂದನೆಯದೇ ಚೆನ್ನ ಅನಿಸಿಬಿಡುತ್ತದೆ. ಕನಿಷ್ಠ ಮೂರು ಸಲ ಮಾಡಿ. ವ್ಯತ್ಯಾಸ ಕಾಣದಿದ್ದರೆ ಅದನ್ನೂ ಹಾಗೇ ಬರೆಯಿರಿ. ಅಂಕಿ ತಿದ್ದಿದ ಪ್ರಾಜೆಕ್ಟನ್ನು ನಾನು ಕೈಯಲ್ಲೂ ಹಿಡಿಯುವುದಿಲ್ಲ. ಆಮೇಲೆ ಹೊಸ ಬೇಳೆ, ಹಳೆ ಬೇಳೆ ಇಟ್ಟುಕೊಂಡು ಒಂದೇ ನೀರಲ್ಲಿ ಮಾಡಿ.

ಪ್ರಶ್ನೆ: ಜಿಐ ಟ್ಯಾಗ್ (ಭೌಗೋಳಿಕ ಗುರುತು) ಇರುವ ಬೇಳೆ ಯಾವ ನೀರಲ್ಲಾದರೂ ಬೇಯುತ್ತದೆ ಎನ್ನುತ್ತಾರೆ ಅಂಗಡಿಯವರು.

ಉತ್ತರ: 2019ರಲ್ಲಿ ನಮ್ಮ ಕಲಬುರಗಿ ತೊಗರಿಗೆ ಸಿಕ್ಕ ಆ ಗುರುತು ಬೆಳೆದ ಜಾಗ ಹೇಳುತ್ತದೆ, ಚೀಲ ಎಷ್ಟು ಹಳೆಯದು ಅಂತಲ್ಲ.

ಪ್ರಶ್ನೆ: ಬೇಳೆಗೆ ಅಡುಗೆ ಸೋಡಾ ಹಾಕಿದರೆ?

ಉತ್ತರ: ಬೇಗ ಬೇಯುತ್ತದೆ, ಬಿ1 ವಿಟಮಿನ್ ಹಾಳಾಗುತ್ತದೆ. ನಮ್ಮ ಮನೆಯಲ್ಲಿ ಹಾಕುವುದಿಲ್ಲ.

ಪ್ರಶ್ನೆ: ಹಾಲಿಗೆ ಅಯೋಡಿನ್ ಹಾಕಿದೆ, ನೀಲಿ ಆಗಲಿಲ್ಲ. ಪಿಷ್ಟ ಬೆರೆಸಿಲ್ಲ ತಾನೇ?

ಉತ್ತರ: ಹಾಲು ಬಿಸಿ ಇತ್ತಾ? ಬಿಸಿಯಲ್ಲಿ ಆ ಬಣ್ಣ ನಿಲ್ಲುವುದಿಲ್ಲ. ಕುದಿಸಿ, ಪೂರ್ತಿ ಆರಿಸಿ ಹಾಕಿ. ಪಕ್ಕದಲ್ಲಿ ಚಿಟಿಕೆ ಮೈದಾ ಬೆರೆಸಿ ಕುದಿಸಿ ಆರಿಸಿದ ಹಾಲನ್ನೂ ಇಡಿ. ಅದು ನೀಲಿಯಾದರೆ ಮಾತ್ರ ನಿಮ್ಮ ಪರೀಕ್ಷೆ ನಂಬಬಹುದು.

ಪ್ರಶ್ನೆ: ನೀರು ಶುದ್ಧ ಮಾಡುವ ಮಷಿನ್ ಮಾರಲು ಮನೆಗೆ ಬಂದ ಏಜೆಂಟ್ ನಮ್ಮ ನೀರಲ್ಲಿ ಎರಡು ಕಡ್ಡಿ ಅದ್ದಿ ಕರೆಂಟ್ ಕೊಟ್ಟ. ನೀರು ಕಂದು ಆಯಿತು. ಅವನ ಮಷಿನ್ ನೀರು ಆಗಲಿಲ್ಲ.

ಉತ್ತರ: ಆ ಕಂದು ಬಣ್ಣ ಕಬ್ಬಿಣದ ಕಡ್ಡಿಯದು. ಉಪ್ಪು, ಲವಣ ಇರುವ ನೀರಲ್ಲಿ ಕರೆಂಟ್ ಹರಿದು ಕಡ್ಡಿ ಕರಗುತ್ತದೆ. ಇದು ವಂಚನೆ. ಮುಂದಿನ ಸಲ ಅವನ ಮಷಿನ್ ನೀರಿಗೇ ಚಿಟಿಕೆ ಉಪ್ಪು ಹಾಕಿ, ಅದೇ ಕಡ್ಡಿ ಅದ್ದಲು ಹೇಳಿ.