ಪಿಂಕ್ ಕುಶ್ ನಿಜಕ್ಕೂ ಅಷ್ಟು ಸ್ಟ್ರಾಂಗಾ? ‘ಇಂಡಿಕಾ’ ಅಂದರೆ ಏನು?

ನೀವು ಕೇಳಿದ್ದು ಇಷ್ಟು. ಓದಲು ಟೊರೊಂಟೊಗೆ ಬಂದು ಎರಡು ತಿಂಗಳಾಗಿದೆ, ರೂಮ್‌ಮೇಟ್ ಪಿಂಕ್ ಕುಶ್ ಅಂತ ಒಂದು ಗಾಂಜಾ ಡಬ್ಬಿ ತಂದಿಟ್ಟಿದ್ದಾನೆ, ‘ಪಕ್ಕಾ ಇಂಡಿಕಾ ಮಗಾ, ಸೇದಿದರೆ ಎದ್ದೇಳೋಕೇ ಆಗಲ್ಲ’ ಅನ್ನುತ್ತಾನೆ, ಇದರಲ್ಲಿ ಎಷ್ಟು ನಿಜ?

ನಾನೂ ಇಲ್ಲಿ ಓದುವಾಗ ಒಂದೂವರೆ ವರ್ಷ ಲೈಸೆನ್ಸ್ ಇರುವ ಗಾಂಜಾ ಅಂಗಡಿಯ ಕೌಂಟರಿನಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡಿದ್ದೇನೆ. (ಅಮ್ಮನಿಗೆ ಇವತ್ತಿಗೂ ಅದು ಮೆಡಿಕಲ್ ಶಾಪ್.) ಪಿಂಕ್ ಕುಶ್ ಕೆನಡಾದಲ್ಲಿ ಚೆನ್ನಾಗಿ ಓಡುವ ಮಾಲು. ಓಜಿ ಕುಶ್ ಎಂಬ ತಳಿಯ ಕಡೆಯದು. ಹೆಸರಲ್ಲಿ ಪಿಂಕ್ ಇದ್ದರೂ ಡಬ್ಬಿ ತೆಗೆದರೆ ಗುಲಾಬಿ ಬಣ್ಣವನ್ನು ಹುಡುಕಬೇಕು. ಹೂವಿನ ಮೇಲಿರುವ ಕೂದಲಿನಂಥ ಎಳೆಗಳಿಗೆ ಕೆಲವೊಮ್ಮೆ ಆ ಛಾಯೆ ಬರುತ್ತದೆ, ಅಷ್ಟೆ. ಹೂವಿನ ಮೇಲೆ ಸಕ್ಕರೆ ಉದುರಿಸಿದ ಹಾಗೆ ಬೆಳ್ಳಗೆ ಕಾಣುತ್ತದಲ್ಲ, ಅವೆಲ್ಲ ಅಂಟು ತುಂಬಿದ ಸಣ್ಣ ಸಣ್ಣ ಗ್ರಂಥಿಗಳು. ನಶೆ ಏರಿಸುವ ಟಿಎಚ್‌ಸಿ ಕೂತಿರುವುದು ಅಲ್ಲೇ. ಹಿಸುಕಿದರೆ ಬೆರಳಿಗೆ ಹಲಸಿನ ಮೇಣದ ಹಾಗೆ ಹಿಡಿದುಕೊಳ್ಳುತ್ತದೆ. ಗಿರಾಕಿಗಳು ಮೂಸಿ ನೋಡಲಿ ಅಂತ ಕೌಂಟರಿನ ಮೇಲೆ ಒಂದು ಪುಟ್ಟ ಡಬ್ಬಿ ಇಡುತ್ತಿದ್ದೆವು. ಮೊದಲು ವೆನಿಲ್ಲಾ ಥರ ಸಿಹಿ ವಾಸನೆ, ಅದರ ಬೆನ್ನಿಗೇ ಪೆಟ್ರೋಲ್ ಬಂಕ್ ಪಕ್ಕ ನಿಂತ ಹಾಗೆ. ಈ ವಾಸನೆಗಳ ಹಿಂದಿರುವ ಪದಾರ್ಥಗಳೇನೂ ಹೊಸವಲ್ಲ. ಮಿರ್ಸೀನ್ ಮಾವಿನಹಣ್ಣಿನಲ್ಲೂ ಇದೆ, ಕ್ಯಾರಿಯೋಫಿಲೀನ್ ನಮ್ಮ ಕರಿಮೆಣಸಿನಲ್ಲೂ ಇದೆ.

ಇನ್ನು ಸ್ಟ್ರಾಂಗ್ ವಿಷಯ. ಡಬ್ಬಿ ತಿರುಗಿಸಿ ಲೇಬಲ್ ಓದಿ. ಕೆಲವು ಡಬ್ಬಿಗಳಲ್ಲಿ ‘ಟಿಎಚ್‌ಸಿ’ ಎದುರು ಒಂದು ಚಿಕ್ಕ ಸಂಖ್ಯೆ, ‘ಟೋಟಲ್ ಟಿಎಚ್‌ಸಿ’ ಎದುರು ದೊಡ್ಡದು ಇರುತ್ತದೆ. ಹೊಸಬರು ಚಿಕ್ಕದನ್ನು ನೋಡಿ ‘ಓ, ಲೈಟಾಗಿದೆ’ ಅಂದುಕೊಳ್ಳುತ್ತಾರೆ. ಆದರೆ ಒಣಗಿದ ಹೂವಿನಲ್ಲಿ ಹೆಚ್ಚಿನದು ಇನ್ನೂ ಆಸಿಡ್ ರೂಪದಲ್ಲಿರುತ್ತದೆ, ಅದು ತಲೆಗೆ ಏರುವುದಿಲ್ಲ, ಬೆಂಕಿ ತಾಗಿದ ಮೇಲೆ ಟಿಎಚ್‌ಸಿ ಆಗುತ್ತದೆ. ಹಾಗಾಗಿ ದೊಡ್ಡ ಸಂಖ್ಯೆಯೇ ಲೆಕ್ಕ. ಗ್ರಾಂಗೆ 220 ಮಿ.ಗ್ರಾಂ ಅಂತ ಇದ್ದರೆ 22%. ಪಿಂಕ್ ಕುಶ್ 20% ದಾಟುವುದು ಮಾಮೂಲು. ಮೊದಲ ಸಲ ಸೇದುವವರಿಗೆ ಅದು ಜಾಸ್ತಿಯೇ.

‘ಇಂಡಿಕಾ’ ಅನ್ನುವ ಪದದ ಕಥೆ ಮಾತ್ರ ಮಜವಾಗಿದೆ. 1785ರಲ್ಲಿ ಲಮಾರ್ಕ್ ಎಂಬ ಫ್ರೆಂಚ್ ವಿಜ್ಞಾನಿ ಭಾರತದಿಂದ ಬಂದ ಗಿಡ ನೋಡಿ, ಇದು ಯುರೋಪಿನಲ್ಲಿ ನಾರಿಗೆ ಬೆಳೆಯುವ ಗಾಂಜಾ ಜಾತಿಯ ಗಿಡಕ್ಕಿಂತ (ಹೆಂಪ್) ಬೇರೆ, ನಶೆ ಜಾಸ್ತಿ ಅಂತ ಆ ಹೆಸರಿಟ್ಟ. ಅವನು ನೋಡಿದ್ದು ಸಪೂರ ಎಲೆಯ ಗಿಡ. ಈಗ ಅಂಗಡಿಯಲ್ಲಿ ಇಂಡಿಕಾ ಅನ್ನುವುದು ಅಫ್ಘಾನಿಸ್ತಾನದ ಹಿಂದೂಕುಶ್ ಕಡೆಯ ಕುಳ್ಳ, ಪೊದೆಯಂಥ, ಅಗಲ ಎಲೆಯ ಗಿಡವನ್ನು. ಕುಶ್ ಅನ್ನುವ ಹೆಸರೂ ಅಲ್ಲಿಂದಲೇ ಬಂದದ್ದು. ಅಂದರೆ ಲಮಾರ್ಕ್ ಲೆಕ್ಕದಲ್ಲಿ ಅಸಲಿ ಇಂಡಿಕಾ ನಮ್ಮ ಕಡೆಯ ಉದ್ದನೆ ಗಾಂಜಾ ಗಿಡ, ಇಲ್ಲಿನವರು ಅದನ್ನೇ ನೋಡಿದರೆ ಸಟೈವಾ (ಅಂಗಡಿ ಲೆಕ್ಕದಲ್ಲಿ ಇಂಡಿಕಾದ ಎದುರಿನ ಬಗೆ) ಅನ್ನುತ್ತಾರೆ! 

‘ಇಂಡಿಕಾ ಅಂದರೆ ನಿದ್ದೆ, ಸಟೈವಾ ಅಂದರೆ ಚುರುಕು’ ಅಂತ ನಾನೇ ಕೌಂಟರಿನಲ್ಲಿ ದಿನಕ್ಕೆ ಐವತ್ತು ಸಲ ಹೇಳಿದ್ದೇನೆ, ಈಗ ನಾಚಿಕೆ ಆಗುತ್ತದೆ. ಇಲ್ಲಿನ ಡಾಲ್‌ಹೌಸಿ ಯೂನಿವರ್ಸಿಟಿಯವರು 2021ರಲ್ಲಿ ನೂರಾರು ಸ್ಯಾಂಪಲ್ ನೋಡಿ, ಲೇಬಲ್ಲಿಗೂ ಗಿಡದ ಒಟ್ಟು ವಂಶಕ್ಕೂ ಅಂಥಾ ಸಂಬಂಧ ಇಲ್ಲ, ಮಿರ್ಸೀನ್‌ನಂಥ ಕೆಲವು ವಾಸನೆಯ ಪದಾರ್ಥಗಳಿಗೆ ಮಾತ್ರ ಇದೆ ಅಂತ ತೋರಿಸಿದರು. ಲೇಬಲ್ ಯಾವುದೇ ಇರಲಿ, ಸೇದಿದರೆ ಮೈ ಭಾರವಾಗುವುದು, ಬಾಯಿ ಒಣಗುವುದು, ಕಣ್ಣು ಕೆಂಪಾಗುವುದು, ಕಂಡಕಂಡದ್ದೆಲ್ಲ ತಿನ್ನಬೇಕು ಅನಿಸುವುದು, ಇವೆಲ್ಲ ಆಗುತ್ತವೆ. ಜಾಸ್ತಿಯಾದರೆ ನಿದ್ದೆ ಬರುವ ಬದಲು ಎದೆ ಡವಡವ ಹೊಡೆದುಕೊಂಡು ಭಯವೂ ಆಗುತ್ತದೆ.

ನನಗೇ ಆಗಿದೆ. ಸೇದಿ ಅಲ್ಲ, ತಿಂದು. ‘ಇಂಡಿಕಾ’ ಅಂತ ಬರೆದಿದ್ದ ಗಮ್ಮಿ (ಗಾಂಜಾ ಸೇರಿಸಿದ ಜೆಲ್ಲಿ ಮಿಠಾಯಿ), ಒಂದೊಂದರಲ್ಲಿ 5 ಮಿ.ಗ್ರಾಂ ಟಿಎಚ್‌ಸಿ. ಒಂದು ತಿಂದೆ, ಮುಕ್ಕಾಲು ಗಂಟೆಯಾದರೂ ಏನೂ ಇಲ್ಲ. ಸುಮ್ನೆ ದುಡ್ಡು ದಂಡ ಅಂದುಕೊಂಡು ಇನ್ನೊಂದು ತಿಂದೆ. ತಿಂದದ್ದು ಹೊಟ್ಟೆ, ಲಿವರ್ ದಾಟಿ ಹತ್ತಬೇಕು, ಎರಡು ಗಂಟೆಯೂ ಹಿಡಿಯಬಹುದು, ಲಿವರ್ ಅದನ್ನು ಇನ್ನೂ ಜೋರಾಗಿ ಮಾಡಿ ಕಳಿಸುತ್ತದೆ. ಎರಡೂ ಒಟ್ಟಿಗೇ ಹತ್ತಿದವು. ಸೋಫಾ ಹಿಡಿದುಕೊಂಡು ಕೂತವನಿಗೆ ಕುಕ್ಕರ್‌ನ ಒಂದು ಸೀಟಿಗೂ ಇನ್ನೊಂದಕ್ಕೂ ನಡುವೆ ಅರ್ಧ ರಾತ್ರಿ ಕಳೆದ ಹಾಗೆ ಅನಿಸಿತು. 

ಹಾಗಾಗಿ ನಿಮ್ಮ ರೂಮ್‌ಮೇಟ್ ಹೇಳಿದ್ದು ಅರ್ಧ ನಿಜ. ಏಳೋಕೆ ಆಗದಿರುವುದು ಎಷ್ಟು ಸೇದಿದಿರಿ ಅನ್ನುವುದರ ಮೇಲೆ, ಇಂಡಿಕಾ ಅನ್ನುವ ಹೆಸರಿನ ಮೇಲಲ್ಲ. ಸೇದಲೇಬೇಕು ಅಂತಿಲ್ಲ. ಸೇದುವುದೇ ಆದರೆ 19 ತುಂಬಿರಬೇಕು, ಒಂದೇ ಒಂದು ದಮ್ ಎಳೆದು ಇಪ್ಪತ್ತು ನಿಮಿಷ ಸುಮ್ಮನಿರಿ, ಬಿಯರ್ ಜೊತೆ ಬೇಡ, ಆಮೇಲೆ ಗಾಡಿ ಮುಟ್ಟಬೇಡಿ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇದ್ದರೆ ಇದರ ಸಹವಾಸವೇ ಬೇಡ.

ಇನ್ನೊಂದು. ಇಲ್ಲಿ 2018ರಿಂದ ಕಾನೂನಿನ ಒಪ್ಪಿಗೆ ಇದೆ, ಆದರೆ ದೇಶದ ಗಡಿ ದಾಟಿಸುವ ಹಾಗಿಲ್ಲ. ನಮ್ಮಲ್ಲಿ ಮಾದಕ ವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆ ಇನ್ನೂ ಗಟ್ಟಿಯಾಗಿದೆ. ರಜೆಗೆ ಊರಿಗೆ ಹೊರಡುವಾಗ ಬ್ಯಾಗಿನ ಸೈಡ್ ಜೇಬೆಲ್ಲ ಒಂದ್ಸಲ ಕೊಡವಿ ನೋಡಿ. ಬೆಂಗಳೂರು ಏರ್‌ಪೋರ್ಟಿನಲ್ಲಿ ‘ಅದು ರೂಮ್‌ಮೇಟ್‌ದು ಸಾರ್’ ಅಂದರೆ ಯಾರೂ ಕೇಳುವುದಿಲ್ಲ.