ಹೊಳೆ ದಂಡೆಯ ಪಂಪು, ಪರವಾನಗಿ, ದಾವೆ

ಹೊಲ ಹೊಳೆಗೆ ಹತ್ತಿಕೊಂಡೇ ಇರುವಾಗ ನೀರೆತ್ತಲು ಪರವಾನಗಿ ಯಾಕೆ ಅಂತ ಕೇಳಿದ್ದೀರಿ. ಬೆಳಗಾವಿ ಜಿಲ್ಲೆಯ ಕೃಷ್ಣಾ ಹೊಳೆಯ ದಂಡೆಯ ಅಥಣಿ, ಕಾಗವಾಡ ಕಡೆಯ ರೈತರೂ ವಕೀಲರ ಮುಂದೆ ಮೊದಲು ಇದನ್ನೇ ಕೇಳುತ್ತಾರೆ. 1882ರ ಈಸ್‌ಮೆಂಟ್ (ಅನುಭೋಗದ ಹಕ್ಕು) ಕಾಯ್ದೆ ಪ್ರಕಾರ ದಂಡೆಯ ಹೊಲದವರು ಮನೆಗೆ, ದನಕರುಗಳಿಗೆ, ಆ ಹೊಲಕ್ಕೆ ನೀರು ಬಳಸಬಹುದು; ಉಳಿದ ದಂಡೆಯವರಿಗೆ ಧಕ್ಕೆ ಆಗಬಾರದು. ಆದರೆ ಅದೇ ಕಾಯ್ದೆಯ 2ನೇ ಕಲಂ ಹೊಳೆ ನೀರನ್ನು ನಿಯಂತ್ರಿಸುವ ಸರ್ಕಾರದ ಹಕ್ಕನ್ನು ಮುಟ್ಟಿಲ್ಲ; ಪರವಾನಗಿ ಬೇಕಾಗುವುದು ಅದಕ್ಕೇ. ಇನ್ನೊಂದು ತೊಡಕು: ದಂಡೆಯಲ್ಲಿ ಎರಡು ಗುಂಟೆ ಹಿಡಿದು ಜಾಕ್‌ವೆಲ್ (ಹೊಳೆ ನೀರೆತ್ತುವ ಬಾವಿ) ಕಟ್ಟಿ, ಮೂರು ಕಿ.ಮೀ. ಒಳಗಿನ ಕಬ್ಬಿಗೆ ಪೈಪ್ ಒಯ್ದವರಿಗೆ ಈ ದಂಡೆ ಹಕ್ಕು ಆಸರೆಯಾಗುವುದು ಕಷ್ಟ. ಅವರಿಗೆ ಕೈಯಲ್ಲಿರುವ ಪರವಾನಗಿಯೇ ಗತಿ.

ಪರವಾನಗಿಯಲ್ಲಿ ಹೆಸರು, ಸರ್ವೆ ನಂಬರ್, ಎಕರೆ, ಮೋಟರಿನ ಎಚ್‌ಪಿ (ಅಶ್ವಶಕ್ತಿ), ಅವಧಿ ನೋಡಿರಿ. ತಕರಾರು ಹೆಚ್ಚಾಗಿ ಎಚ್‌ಪಿಯದು. 10 ಎಚ್‌ಪಿ ಮೋಟರ್ 30 ಮೀಟರ್ ಎತ್ತರಕ್ಕೆ ಸೆಕೆಂಡಿಗೆ ಸುಮಾರು 15 ಲೀಟರ್ ಎತ್ತುತ್ತದೆ. ಏಳು ತಾಸು ತ್ರೀಫೇಸ್ ಸಿಕ್ಕರೆ ಮೂರೂಮುಕ್ಕಾಲು ಲಕ್ಷ ಲೀಟರ್. ಎರಡು ಇಂಚು ನೀರು ನಿಲ್ಲಿಸಿದರೆ ಎರಡು ಎಕರೆಯೂ ತುಂಬುವುದಿಲ್ಲ. ಪೈಪ್ ಉದ್ದವಾದಷ್ಟೂ ಇನ್ನೂ ಕಡಿಮೆ. ಹಾಗಾಗಿ ಯಾರೋ ಸದ್ದಿಲ್ಲದೆ 15 ಎಚ್‌ಪಿ ಮೋಟರ್ ಇಳಿಸುತ್ತಾರೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುತ್ತದೆ, ಪಕ್ಕದವರು ಅರ್ಜಿ ಕೊಡುತ್ತಾರೆ. ಉಚಿತ ವಿದ್ಯುತ್ 10 ಎಚ್‌ಪಿವರೆಗೆ ಮಾತ್ರ ಅನ್ನುವುದು ಆಗ ನೆನಪಾಗುತ್ತದೆ.

ಅಣ್ಣತಮ್ಮಂದಿರ ಜಗಳ ಇದಕ್ಕಿಂತ ಕೆಟ್ಟದ್ದು. ವಾಟ್ನಿ (ಆಸ್ತಿ ಪಾಲು) ಆದಾಗ ಉತಾರ (ಪಹಣಿ) ಬೇರೆಯಾಗುತ್ತದೆ, ಪರವಾನಗಿ ಮತ್ತು ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್ ಹಿರಿಯಣ್ಣನ ಹೆಸರಿನಲ್ಲೇ ಉಳಿಯುತ್ತವೆ. ಮುಂದೊಂದು ದಿನ ಆತ ಸ್ಟಾರ್ಟರ್ ಪೆಟ್ಟಿಗೆಗೆ ಕೀಲಿ ಹಾಕಿದರೆ ತಮ್ಮನ ಕೈಯಲ್ಲಿ ಕಾಗದವೇ ಇರುವುದಿಲ್ಲ. ವಾಟ್ನಿ ಪತ್ರದಲ್ಲಿ ಜಾಕ್‌ವೆಲ್, ಮೋಟರ್, ಪೈಪಿನ ಪಾಲು, ಯಾರ ಪಾಳಿ ಯಾವ ವಾರ ಎಂದು ಬರೆಸಿ ನೋಂದಣಿ ಮಾಡಿಸಬೇಕು. ಆಮೇಲೆ ನೀರಾವರಿ ಇಲಾಖೆಗೂ ವಿದ್ಯುತ್ ಕಂಪನಿಗೂ ಬೇರೆ ಬೇರೆ ಅರ್ಜಿ.

ಬೇರೆಯವರ ಹೊಲದಲ್ಲಿ ಪೈಪ್ ಹೂಳಲು ಬಾಯಿಮಾತಿನ ಒಪ್ಪಿಗೆ ಪಡೆದವರೇ ಜಾಸ್ತಿ. ಅನುಮತಿ ಕೊಟ್ಟವರು ಅದನ್ನು ಹಿಂಪಡೆಯಬಹುದು. ಆದರೆ ಅದನ್ನೇ ನಂಬಿ ಖರ್ಚುಮಾಡಿ ಕಾಯಂ ಕಾಮಗಾರಿ ಮಾಡಿದ್ದರೆ ಹಿಂಪಡೆಯಲು ಬರುವುದಿಲ್ಲ ಅನ್ನುತ್ತದೆ ಅದೇ ಈಸ್‌ಮೆಂಟ್ ಕಾಯ್ದೆಯ 60ನೇ ಕಲಂ. ಪೈಪಿನ ಬಿಲ್ಲು, ಜೆಸಿಬಿ ಬಾಡಿಗೆ ಚೀಟಿ ಕಾದಿಡಿ.

ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ದಂಡೆಯ ಪಂಪುಗಳ ಕರೆಂಟು ತೆಗೆಯುವುದನ್ನು ಪರವಾನಗಿ ರದ್ದು ಅಂದುಕೊಳ್ಳಬೇಡಿ. ರಾಜ್ಯದ ಜಲನೀತಿಯಲ್ಲಿ ಕುಡಿಯುವ ನೀರು ಮೊದಲು. ಆಗ ತಡೆಯಾಜ್ಞೆ ಸಿಗುವುದು ದುರ್ಲಭ. ನೋಟಿಸು ಕೊಡದೆ ಪರವಾನಗಿಯನ್ನೇ ರದ್ದು ಮಾಡಿದರೆ ಮಾತ್ರ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಹಾಕಲು ಗಟ್ಟಿ ಕಾರಣ ಸಿಕ್ಕಂತೆ. ಕಾಗವಾಡ ತಾಲೂಕಿನ ಜುಗೂಳದ ಎದುರು ದಂಡೆ ಖಿದ್ರಾಪುರ, ಅಂದರೆ ಮಹಾರಾಷ್ಟ್ರ. ಹೊಳೆ ಒಂದೇ ಆದರೂ ಅಲ್ಲಿಯ ಪಂಪಿಗೆ ಅಲ್ಲಿಯದೇ 1976ರ ನೀರಾವರಿ ಕಾಯ್ದೆ, ಅಲ್ಲಿಯದೇ ಕಚೇರಿ. ಬೀಗರ ಹೆಸರಿನಲ್ಲಿ ಅಲ್ಲಿ ಪಂಪು ಇಟ್ಟು ಇಲ್ಲಿಗೆ ನೀರು ತರುವ ಆಲೋಚನೆ ಬೇಡ.

ಮನೆಮಂದಿ, ನೆರೆಯವರ ನಡುವಿನ ಜಗಳವಾದರೆ ಸಿವಿಲ್ ಕೋರ್ಟಿನಲ್ಲಿ ದಾವೆ, ಜೊತೆಗೇ ಸ್ಥಳ ತಪಾಸಣೆಗೆ ಕೋರ್ಟ್ ಕಮಿಷನರ್ ನೇಮಿಸಲು ಅರ್ಜಿ. ಮೋಟರಿನ ಪ್ಲೇಟಿನ ಮೇಲಿನ ಎಚ್‌ಪಿ, ಪೈಪಿನ ಇಂಚು, ಪೈಪಿನ ತುದಿಗೆ ನೀರೊಳಗಿರುವ ಫುಟ್‌ವಾಲ್ವಿನ ಆಳ ದಾಖಲಾಗಬೇಕು. ಇದು ಮಳೆಗಾಲಕ್ಕೆ ಮುಂಚೆಯೇ ಆಗಲಿ; ಮಹಾಪೂರ ಬರುತ್ತದೆಂದು ಎಲ್ಲರೂ ಮೋಟರ್ ಮೇಲೆತ್ತಿಬಿಟ್ಟ ಮೇಲೆ ಕಮಿಷನರ್ ನೋಡುವುದು ಬರೀ ಕೆಂಪು ನೀರು.